ಆಫೀಸಿನ ದೇಣಿಗೆ ಫಾರಂಗೆ ನಾನು ಸೈನ್ ಹಾಕಿದ್ದು

ಆಫೀಸಲ್ಲಿ ಎಲ್ಲರೂ ಸಂಬಳದಿಂದ ತಿಂಗಳ ದೇಣಿಗೆಗೆ ಸೈನ್ ಹಾಕಿಯಾಯ್ತು, ನಾನೊಬ್ಬನೇ ಬಾಕಿ, ದೊಡ್ಡ ಸಂಸ್ಥೆಗಳಲ್ಲಿ ಯಾವುದನ್ನ ನಂಬಬಹುದು ಅಂತ ಕೇಳಿದ್ದೀರಿ. 2017ರಲ್ಲಿ ನಾನೂ ಹೀಗೇ ಬಾಕಿ ಉಳಿದವ. ಕಾಸರಗೋಡು ಪೇಟೆಯ ಒಂದು ಪ್ರೈವೇಟ್ ಆಫೀಸು, ಒಂದು ಸಂಸ್ಥೆಯಿಂದ ಇಬ್ಬರು ಬಂದು ಮಕ್ಕಳ ಫೋಟೋ ತೋರಿಸಿದ್ರು, ಮ್ಯಾನೇಜರ್ ಎಲ್ಲರ ಎದುರಿಗೆ ಹೆಸರು ಕರೆದು ಫಾರಂ ಕೊಟ್ರು. ದಾಕ್ಷಿಣ್ಯಕ್ಕೆ ಸೈನ್ ಹಾಕಿದೆ.

ಓದದೆ ಹಾಕಿದೆ, ಅದೇ ತಪ್ಪು. ತಿಂಗಳಿಗೆ 500 ಅಂದಿದ್ರು. ಆದ್ರೆ ಅದು ನಾಚ್ (NACH) ಫಾರಂ, ಬ್ಯಾಂಕ್ ಅಕೌಂಟಿಂದ ದುಡ್ಡು ತಾನಾಗಿ ಕಟ್ಟಾಗ್ಲಿಕ್ಕೆ ಒಪ್ಪಿಗೆ ಕೊಡುವಂಥದ್ದು, ಸಾಲದ ಕಂತಿಗೆ ಕೊಡ್ತೇವಲ್ಲ ಅದೇ. ಅದ್ರಲ್ಲಿ ಫಿಕ್ಸೆಡ್ ಅಮೌಂಟ್, ಮ್ಯಾಕ್ಸಿಮಮ್ ಅಮೌಂಟ್ ಅಂತ ಎರಡು ಚೌಕ ಉಂಟು, ಮ್ಯಾಕ್ಸಿಮಮ್‌ಗೆ ಮೊದಲೇ ಟಿಕ್ ಹಾಕಿ 2,000 ಬರೆದಿದ್ರು, ಅಂದ್ರೆ ಅಷ್ಟರೊಳಗೆ ಅವ್ರು ಎಷ್ಟು ಬೇಕಾದ್ರೂ ತೆಗೀಬಹುದು. ಕೆಳಗೆ ಕೊನೆಯ ತಾರೀಕಿನ ಜಾಗದಲ್ಲಿ 'ಅಂಟಿಲ್ ಕ್ಯಾನ್ಸಲ್ಡ್', ಅಂದ್ರೆ ರದ್ದು ಮಾಡುವವರೆಗೂ. ಮರುವರ್ಷ 750 ಕಟ್ಟಾಯ್ತು. ಕೆಲಸ ಬಿಟ್ಟ ಮೇಲೆ ಆ ಅಕೌಂಟಲ್ಲಿ ದುಡ್ಡಿಲ್ಲ, ತಿಂಗಳು ತಿಂಗಳು ಬೌನ್ಸ್ ಚಾರ್ಜ್. ಎಚ್‌ಆರ್ ಸಂಸ್ಥೆಗೆ ಕೇಳಿ ಅಂದ್ರು, ಸಂಸ್ಥೆಯವರು ಫೋನೇ ಎತ್ತಲಿಲ್ಲ. ನಾನೇ ಬ್ಯಾಂಕಿಗೆ ಹೋಗಿ ಮ್ಯಾಂಡೇಟ್, ಅಂದ್ರೆ ಆ ಒಪ್ಪಿಗೆ, ರದ್ದು ಮಾಡಿ ಅಂತ ಬರೆದು ಕೊಡಬಹುದು ಅಂತ ಗೊತ್ತಾಗ್ಲಿಕ್ಕೆ ಏಳು ತಿಂಗಳು ಹಿಡೀತು.

ಅದೇ ಸಮಯಕ್ಕೆ ಕಾಸರಗೋಡು ಜಿಲ್ಲೆಯ ಎಣ್ಮಕಜೆಯಲ್ಲಿ ನನ್ನ ದೊಡ್ಡಮ್ಮನ ಪಕ್ಕದ ಮನೆಯ ಹುಡುಗ, ಎಂಡೋಸಲ್ಫಾನ್ ಸಂತ್ರಸ್ತರ ಪಟ್ಟಿಯಲ್ಲಿದ್ದವ, ಎದ್ದು ಕೂರ್ಲಿಕ್ಕೆ ಆಗುದಿಲ್ಲ. ಗೇರುತೋಟಗಳಿಗೆ 2000ದವರೆಗೂ ಹೆಲಿಕಾಪ್ಟರಿಂದ ಹೊಡೆದ ಕೀಟನಾಶಕ ಅದು. ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, ಹೆಚ್ಚಿನವರಿಗೆ ಇನ್ನೂ ಕೊಟ್ಟಿಲ್ಲ ಅಂತ 2022ರಲ್ಲಿ ಅದೇ ಕೋರ್ಟು ಕೇರಳ ಸರಕಾರಕ್ಕೆ ಗದರಿಸ್ಬೇಕಾಯ್ತು. ಮಳೆಗಾಲದಲ್ಲಿ ಅವನ ಬಟ್ಟೆ ಒಣಗುದಿಲ್ಲ ಅಂತ ಅವನ ಅಮ್ಮ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸ್ತಿದ್ರು, ಎಲ್ಲದಕ್ಕೂ ಹೊಗೆಯ ವಾಸನೆ. ನಾನದನ್ನ ಕಣ್ಣಾರೆ ನೋಡಿದವ, ಆದ್ರೂ ನನ್ನ 750 ಎಲ್ಲಿಗೋ ಹೋಗ್ತಿತ್ತು. ಈಗ ತಿಂಗಳಿಗೊಮ್ಮೆ ಬದಿಯಡ್ಕದಿಂದ ದೊಡ್ಡವರ ಡೈಪರ್ ತಗೊಂಡು ಹೋಗಿ ಕೊಟ್ಟು ಬರ್ತೇನೆ.

ಹಾಗಾಗಿ ಯಾವ ದೊಡ್ಡ ಸಂಸ್ಥೆ ಅನ್ನುವ ಪ್ರಶ್ನೆಯನ್ನೇ ಬಿಡಿ, ನೀವು ನಡೆದು ಹೋಗಿ ನೋಡಿ ಬರಬಹುದಾದ ಮನೆ ಯಾವುದುಂಟು ಅಂತ ಯೋಚಿಸಿ. ಕೊಡುದಿಲ್ಲ ಅಂದ್ರೆ ಮರ್ಯಾದೆ ಹೋಗುದಿಲ್ಲ. 2018ರ ಪ್ರಳಯ ಆದ್ಮೇಲೆ ಕೇರಳ ಸರಕಾರ ನೌಕರರ ಹತ್ರ ಒಂದು ತಿಂಗಳ ಸಂಬಳ ಕೇಳಿ, ಕೊಡದವರು ಕೊಡುದಿಲ್ಲ ಅಂತ ಬರೆದು ಕೊಡ್ಬೇಕು ಅಂದಿತ್ತು, ಹೈಕೋರ್ಟ್ ಆ ಬರೆದು ಕೊಡುವ ಷರತ್ತಿಗೆ ತಡೆ ಹಾಕಿತು, ಸುಪ್ರೀಂ ಕೋರ್ಟೂ ಆ ತಡೆ ತೆಗೀಲಿಲ್ಲ. ಸರಕಾರಕ್ಕೇ ಇಲ್ಲದ ಹಕ್ಕು ನಿಮ್ಮ ಮ್ಯಾನೇಜರಿಗೆ ಎಲ್ಲಿಂದ ಬಂತು?

ಸೈನ್ ಹಾಕ್ಲೇಬೇಕು ಅಂತಾದ್ರೆ ಫಿಕ್ಸೆಡ್‌ಗೇ ಟಿಕ್ ಹಾಕಿ, ಕೊನೆಯ ತಾರೀಕು ನೀವೇ ಬರೀರಿ, ಕೊಡುವ ಮೊದಲು ಫಾರಂನ ಫೋಟೋ ತೆಗೆದಿಟ್ಕೊಳ್ಳಿ.