ಕಮ್ಯುನಿಸ್ಟ್ ನಿರಂಕುಶ ಪ್ರಭುತ್ವ ಜನರನ್ನೂ ಆರ್ಥಿಕತೆಯನ್ನೂ ಹೇಗೆ ಹಿಡಿತದಲ್ಲಿಡುತ್ತದೆ?

ಗುಪ್ತ ಪೊಲೀಸರ ಭಯ ಇದ್ದೇ ಇರುತ್ತದೆ. ಆದರೆ ದಿನನಿತ್ಯದ ಹಿಡಿತ ಬರುವುದು ಕೆಲಸ, ಮನೆ, ಪಡಿತರ ಎಲ್ಲವನ್ನೂ ಸರ್ಕಾರವೇ ಕೊಡುವುದರಿಂದ. ಸ್ಟಾಲಿನ್ ಕಾಲದ ಸೋವಿಯತ್ ಒಕ್ಕೂಟವನ್ನೇ ನೋಡಿ.

1932ರ ಡಿಸೆಂಬರಿನಲ್ಲಿ ಅಲ್ಲಿ ಆಂತರಿಕ ಪಾಸ್‌ಪೋರ್ಟ್, ಅಂದರೆ ದೇಶದೊಳಗೇ ಬಳಸುವ ಗುರುತಿನ ಪತ್ರ, ಜಾರಿಗೆ ಬಂತು. ನಗರದಲ್ಲಿ ವಾಸಿಸಲು ಪ್ರೊಪಿಸ್ಕಾ, ಅಂದರೆ ಪೊಲೀಸರಲ್ಲಿ ವಿಳಾಸದ ನೋಂದಣಿ, ಕಡ್ಡಾಯ. ಸಾಮೂಹಿಕ ಕೃಷಿಕ್ಷೇತ್ರದ ರೈತರಿಗೆ ಸಾಮಾನ್ಯವಾಗಿ ಪಾಸ್‌ಪೋರ್ಟನ್ನೇ ಕೊಡಲಿಲ್ಲ. ಕೋಟ್ಯಂತರ ಜನ ಹಳ್ಳಿಗೇ ಕಟ್ಟುಬಿದ್ದರು. ಈ ಘೋರ ಅನ್ಯಾಯ ಪೂರ್ತಿ ಸರಿಯಾಗತೊಡಗಿದ್ದು 1974ರ ಆದೇಶದ ನಂತರವೇ. ಕಾರ್ಮಿಕರೂ ಸ್ವತಂತ್ರರಲ್ಲ. 1940ರ ಜೂನ್ ಕಾನೂನಿನಂತೆ ಅನುಮತಿಯಿಲ್ಲದೆ ಕೆಲಸ ಬಿಟ್ಟರೆ 2ರಿಂದ 4 ತಿಂಗಳು ಜೈಲು. 20 ನಿಮಿಷಕ್ಕಿಂತ ಹೆಚ್ಚು ತಡವಾಗಿ ಬಂದರೂ ಗೈರುಹಾಜರಿಯೆಂದೇ ಲೆಕ್ಕ: 6 ತಿಂಗಳವರೆಗೆ ಸಂಬಳದಲ್ಲಿ ಶೇ. 25ರಷ್ಟು ಕಡಿತವಾಗಬಹುದಿತ್ತು.

ಮುಖ್ಯ ಹುದ್ದೆಗಳ ನೇಮಕಕ್ಕೆಲ್ಲ ಪಕ್ಷದ ಒಪ್ಪಿಗೆ ಬೇಕಿತ್ತು.

ಆರ್ಥಿಕತೆ ನಡೆಸುತ್ತಿದ್ದುದು ಗಾಸ್‌ಪ್ಲಾನ್ ಎಂಬ ಯೋಜನಾ ಸಮಿತಿ. ಉಕ್ಕು, ಕಲ್ಲಿದ್ದಲಿನಂಥ ಸರಕುಗಳ ಉತ್ಪಾದನೆ, ದಾಸ್ತಾನು, ಆಮದು ಒಂದು ಕಡೆ, ಬೇಡಿಕೆ ಇನ್ನೊಂದು ಕಡೆ ಬರೆದು ತಾಳೆ ಹಾಕಿ, ಕಾರ್ಖಾನೆಗಳಿಗೆ ಗುರಿ ನಿಗದಿಪಡಿಸುತ್ತಿತ್ತು. ಎಡವಿದ್ದು ಇಲ್ಲೇ. ಗುರಿ ಟನ್‌ಗಳಲ್ಲಿದ್ದರೆ ವಸ್ತುಗಳು ಅನಗತ್ಯವಾಗಿ ಭಾರವಾಗುತ್ತಿದ್ದವು. ಈ ವರ್ಷ ಗುರಿ ಮೀರಿದರೆ ಮುಂದಿನ ವರ್ಷದ ಗುರಿ ಏರುತ್ತಿದ್ದುದರಿಂದ ವ್ಯವಸ್ಥಾಪಕರು ನಿಜವಾದ ಸಾಮರ್ಥ್ಯವನ್ನು ಮುಚ್ಚಿಡುತ್ತಿದ್ದರು. ಕಚ್ಚಾವಸ್ತು ಹೊತ್ತಿಗೆ ಬರುವುದೆಂಬ ನಂಬಿಕೆಯಿಲ್ಲದೆ ಬೇಕಾದ್ದಕ್ಕಿಂತ ಹೆಚ್ಚು ಕೂಡಿಡುತ್ತಿದ್ದರು. ಅದರಿಂದ ಬೇರೆ ಕಾರ್ಖಾನೆಗಳಲ್ಲಿ ಅಭಾವ ಇನ್ನಷ್ಟು ಬಿಗಡಾಯಿಸುತ್ತಿತ್ತು.