ಗುರಿಯಂಗಳ: ರೈಫಲ್ ನಿಂತಾಗ ಪಿಸ್ತೂಲಿಗೆ ಕೈ

ಪ್ರಶ್ನೆ: ರೈಫಲ್ ಕೈಕೊಟ್ಟಾಗ ಪಿಸ್ತೂಲ್ ತೆಗೆದು ಗುಂಡು ಹಾರಿಸುವ ಅಭ್ಯಾಸದಲ್ಲಿ ನನಗೆ 5 ಸೆಕೆಂಡ್ ಹಿಡಿಯುತ್ತಿದೆ. ಜೊತೆಯವರು 3ರಲ್ಲಿ ಮುಗಿಸುತ್ತಾರೆ. ಕೈ ಇನ್ನೂ ಜೋರಾಗಿ ಓಡಿಸಬೇಕೆ?
– ಸಶಸ್ತ್ರ ಮೀಸಲು ಪಡೆಯ ಪೇದೆ, ಕೋಲಾರ

ಉತ್ತರ: ಬೇಡ. ಮೊದಲು ಸ್ಲಿಂಗ್, ಅಂದರೆ ರೈಫಲ್ ತೂಗುಹಾಕುವ ಪಟ್ಟಿ, ನೋಡಿಕೊಳ್ಳಿ. ಅದು ಬರೀ ಹೆಗಲಿಗೆ ತೂಗುತ್ತಿದ್ದರೆ ಕೈ ಬಿಟ್ಟ ಕೂಡಲೇ ರೈಫಲ್ ಜಾರುತ್ತದೆ, ನೀವು ಅದನ್ನು ಹಿಡಿಯಲು ಬಾಗುತ್ತೀರಿ. ಸ್ಲಿಂಗ್ ಕೊರಳ ಮೇಲಿಂದ ಎದೆಗೆ ಅಡ್ಡಲಾಗಿ ಬರಲಿ. ಉದ್ದ ಜಾಸ್ತಿಯಾದರೆ ರೈಫಲ್ ತೊಡೆಗಳ ನಡುವೆ ತೂಗಿ ಮ್ಯಾಗಜಿನ್ (ಗುಂಡು ತುಂಬುವ ಪೆಟ್ಟಿಗೆ) ಮಂಡಿಗೆ ಬಡಿಯುತ್ತದೆ, ಮಂಡಿಯೂರಿದರೆ ನಳಿಗೆ ಮಣ್ಣಿಗೆ ಇಳಿಯುತ್ತದೆ. ಗಿಡ್ಡವಾದರೆ ಬಟ್ಟು (ರೈಫಲ್‌ನ ಹಿಂತುದಿ) ಭುಜಕ್ಕೆ ಬರುವುದೇ ಇಲ್ಲ.

ಸಮಯ ಕದಿಯುವ ಇನ್ನೊಂದು ಕಳ್ಳ, ಪಿಸ್ತೂಲಿನ ಲ್ಯಾನ್ಯಾರ್ಡ್, ಅಂದರೆ ಅದನ್ನು ಮೈಗೆ ಕಟ್ಟುವ ಹಗ್ಗ. ಅದು ಸ್ಲಿಂಗ್‌ಗೆ ಸಿಕ್ಕಿಕೊಂಡರೆ ಪಿಸ್ತೂಲ್ ಅರ್ಧಕ್ಕೇ ನಿಲ್ಲುತ್ತದೆ. ಎರಡೂ ಒಂದಕ್ಕೊಂದು ಸಿಕ್ಕದಂತೆ ಧರಿಸಿ. ಪಿಸ್ತೂಲ್ ಒಮ್ಮೆ ನಿಧಾನವಾಗಿ ಪೂರ್ತಿ ಚಾಚಿ ನೋಡಿ.

ಇನ್ನು ಕೈಕೆಲಸ. ಬಲಗೈಯವರು ಬೆರಳನ್ನು ಟ್ರಿಗರ್‌ನಿಂದ ತೆಗೆದು, ಸಾಧ್ಯವಾದರೆ ಸೇಫ್ಟಿ ಹಾಕಬೇಕು. ಎಡಗೈ ರೈಫಲನ್ನು ಎಡ ಸೊಂಟದ ಕಡೆಗೆ ಒಯ್ದು ಇಳಿಸುವಾಗಲೇ ಬಲಗೈ ಹೋಲ್ಸ್ಟರ್ (ಪಿಸ್ತೂಲಿನ ಒರೆ) ತಲುಪಿರಬೇಕು. ಈ ಎರಡನ್ನು ಒಂದಾದಮೇಲೊಂದು ಮಾಡುವುದರಲ್ಲೇ ಹೆಚ್ಚಿನವರ ಒಂದು ಸೆಕೆಂಡ್ ಹೋಗುತ್ತದೆ. ರೈಫಲ್ ಎಸೆಯಬೇಡಿ; ಅದರ ಭಾರ ಸ್ಲಿಂಗ್‌ಗೆ ಬಿದ್ದದ್ದು ತಿಳಿದ ಮೇಲೆ ಎಡಗೈ ಬಿಡಿ. ಹಿಡಿ ಅಂಗೈಗೆ ಪೂರ್ತಿ ಕೂರುವುದು ಹೋಲ್ಸ್ಟರ್ ಒಳಗೇ ಆಗಬೇಕು. ಹೊರಗೆ ತೆಗೆದ ಮೇಲೆ ಸರಿಪಡಿಸಲು ಹೋದರೆ ಮೊದಲ ಗುಂಡು ತಪ್ಪುವುದು ಖಚಿತ. ಎರಡೂ ಕೈ ಎದೆಯ ಮುಂದೆ ಸೇರಿ, ಅಲ್ಲಿಂದ ನೇರವಾಗಿ ಮುಂದಕ್ಕೆ. ಬೆರಳು ಗುರಿ ಕಾಣುವವರೆಗೂ ಸ್ಲೈಡ್ (ಪಿಸ್ತೂಲಿನ ಜಾರುವ ಮೇಲ್ಭಾಗ) ಪಕ್ಕದಲ್ಲೇ ಇರಲಿ. ಕಣ್ಣು ಹೋಲ್ಸ್ಟರ್ ಕಡೆ ಇಳಿಯಲೇಬಾರದು.

ಚೇಂಬರ್ (ನಳಿಗೆಯ ಹಿಂಬದಿಯಲ್ಲಿ ಗುಂಡು ಕೂರುವ ಜಾಗ) ಖಾಲಿ ಇಟ್ಟು ಒಯ್ಯುವ ನಿಯಮ ನಿಮ್ಮ ಘಟಕದಲ್ಲಿದ್ದರೆ, ಸ್ಲೈಡ್ ಎಳೆಯುವುದನ್ನೂ ಸೇರಿಸಿಯೇ ಸಮಯ ಅಳೆಯಿರಿ. ಜೊತೆಯವರ 3 ಸೆಕೆಂಡ್‌ನಲ್ಲಿ ಅದು ಇದೆಯೇ ಎಂದೂ ಕೇಳಿ.

ದಿನಕ್ಕೆ 10 ನಿಮಿಷ, 20 ಸಲ, ಗುಂಡಿಲ್ಲದೆ ಮಾಡಿ. ಮೊದಲ ವಾರ ಗಡಿಯಾರ ಬೇಡ. ಆಮೇಲೆ 7 ಮೀಟರ್ ಗುರಿಗೆ 4 ಸೆಕೆಂಡ್ ಇಟ್ಟುಕೊಂಡು, 10ರಲ್ಲಿ 9 ಸರಿಯಾದಾಗ ಮಾತ್ರ 0.2 ಸೆಕೆಂಡ್ ಇಳಿಸಿ. ಬ್ರೌನಿಂಗ್ ಹೈ-ಪವರ್ ಮಾದರಿಯ 9 ಎಂ.ಎಂ. ಪಿಸ್ತೂಲಾದರೆ ಮ್ಯಾಗಜಿನ್ ಇಲ್ಲದೆ ಟ್ರಿಗರ್ ಒತ್ತಿದರೂ ಹ್ಯಾಮರ್ (ಗುಂಡು ಸಿಡಿಸುವ ಪುಟ್ಟ ಸುತ್ತಿಗೆ) ಬೀಳುವುದಿಲ್ಲ. ಅದು ಕೆಟ್ಟಿದೆ ಎಂದುಕೊಳ್ಳಬೇಡಿ. ಖಾಲಿ ಮ್ಯಾಗಜಿನ್ ಹಾಕಿ, ಆದರೆ ಅದು ಖಾಲಿಯೇ ಎಂದು ಇಬ್ಬರು ನೋಡಿರಬೇಕು.

ಪ್ರಶ್ನೆ: ರೇಂಜ್‌ನಲ್ಲಿ ರೈಫಲ್ ಯಾವಾಗ ನಿಲ್ಲುತ್ತದೆಂದು ಮೊದಲೇ ಗೊತ್ತಿರುವುದರಿಂದ ಅಭ್ಯಾಸ ನಾಟಕದಂತಾಗುತ್ತಿದೆ. ಏನು ಮಾಡಲಿ?
– ಚಿಕ್ಕಬಳ್ಳಾಪುರದ ಓದುಗ

ಉತ್ತರ: ಮ್ಯಾಗಜಿನ್ ನೀವು ತುಂಬಬೇಡಿ. ಜೊತೆಗಾರ 5 ರೌಂಡ್ ನಡುವೆ ಎಲ್ಲಾದರೂ ಒಂದು ಡಮ್ಮಿ ರೌಂಡ್ (ಸಿಡಿಯದ ಹುಸಿ ಗುಂಡು) ಸೇರಿಸಿ ಕೊಡಲಿ. ಡಮ್ಮಿ ಬಂದಾಗ ನಳಿಗೆ ಕೆಳಕ್ಕೆ ತಗ್ಗಿದರೆ, ಗುಂಡು ಹೊಡೆಯುವ ಮೊದಲೇ ನೀವು ಬೆದರುತ್ತಿದ್ದೀರಿ ಎಂಬುದೂ ತಿಳಿಯುತ್ತದೆ. ಒಂದು ಎಚ್ಚರಿಕೆ: ನಿಜವಾದ ರೌಂಡ್ ಹಾರದೇ ಉಳಿದರೆ ಅದು ತಡವಾಗಿ ಸಿಡಿಯಬಹುದು. ಹಾಗಾಗಿ ಅನುಮಾನ ಬಂದರೆ ರೈಫಲ್ ಕಾಲಿನ ಕಡೆ ಇಳಿಸದೆ, ನಳಿಗೆ ಗುರಿಯತ್ತಲೇ ಇಟ್ಟು ಕೂಗಿ ರೇಂಜ್ ಅಧಿಕಾರಿಯನ್ನು ಕರೆಯಿರಿ. ಎ.ಕೆ. ರೈಫಲ್‌ನಲ್ಲಿ ಮ್ಯಾಗಜಿನ್ ಖಾಲಿಯಾದರೂ ಬೋಲ್ಟ್ (ಗುಂಡನ್ನು ಚೇಂಬರ್‌ಗೆ ತಳ್ಳುವ ಭಾಗ) ಹಿಂದೆ ನಿಲ್ಲುವುದಿಲ್ಲ. ಖಾಲಿಗೂ ಡಮ್ಮಿಗೂ ಒಂದೇ 'ಟಕ್'. ಹೊಡೆದಾದ ಮೇಲೆ ಪಿಸ್ತೂಲ್ ಸೇಫ್ ಮಾಡಿ ಒಳಗಿಡಿ, ಆಮೇಲೆಯೇ ರೈಫಲ್ ತೆರವು ಮಾಡಿ. ಕಲ್ಲುಗುಡ್ಡವನ್ನೇ ಹಿಂಗೋಡೆ ಮಾಡಿಕೊಳ್ಳಬೇಡಿ, ಗುಂಡು ತಿರುಗಿ ಬರುತ್ತದೆ.

ಪ್ರಶ್ನೆ: 10 ಮೀಟರ್ ಏರ್ ರೈಫಲ್‌ನಿಂದ ಏರ್ ಪಿಸ್ತೂಲಿಗೆ ಬದಲಾಗಬೇಕೆಂದಿದ್ದೇನೆ. ಕಷ್ಟವೇ?
– ಪದವಿ ವಿದ್ಯಾರ್ಥಿನಿ, ತುಮಕೂರು

ಉತ್ತರ: 10 ಅಂಕದ ವೃತ್ತ ರೈಫಲ್‌ಗೆ 0.5 ಮಿ.ಮೀ., ಪಿಸ್ತೂಲಿಗೆ 11.5 ಮಿ.ಮೀ. ದೊಡ್ಡದಾಯಿತೆಂದು ಹಿಗ್ಗಬೇಡಿ, ಇಲ್ಲಿ ಒಂದೇ ಕೈ, ಭುಜದ ಆಸರೆ ಇಲ್ಲ, ಟ್ರಿಗರ್ ಕನಿಷ್ಠ 500 ಗ್ರಾಂ. ಮುಂದಿನ ಸೈಟ್ ಸ್ಪಷ್ಟವಾಗಿ ಕಾಣಬೇಕು, ಗುರಿ ಮಸುಕಾಗಿರಲಿ. ಮೊದಲ ತಿಂಗಳು ಪೆಲೆಟ್ ಇಲ್ಲದೆ, ಬಿಳಿ ಗೋಡೆಯ ಮುಂದೆ 15 ಸೆಕೆಂಡ್ ಹಿಡಿದು ಇಳಿಸಿ, ದಿನಕ್ಕೆ 20 ಸಲ. ಮಣಿಕಟ್ಟು ನಡುಗಲು ಶುರುವಾದರೆ ಅವತ್ತಿಗೆ ನಿಲ್ಲಿಸಿ.