ಕರಾವಳಿಯ ಮಳೆ ತಡೆದು ವರ್ಷಗಟ್ಟಲೆ ಕೊಡುವ ತರಕಾರಿ ಯಾವುದು? ರಂಬುಟಾನ್ ಹೂ ಬಿಟ್ಟರೂ ಕಾಯಿ ಕಚ್ಚದಿರುವುದು ಯಾಕೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಪುತ್ತೂರಿನ ಕಡೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಜಾಗದಲ್ಲಿ ಮನೆ, ಹಿಂದೆ ಹತ್ತು ಸೆಂಟ್ಸ್ ಹಿತ್ತಲು. ಪ್ರತಿ ವರ್ಷ ಬೀಜ ಹಾಕಿ ಎಬ್ಬಿಸಿದ ತರಕಾರಿ ಮಳೆಗಾಲದಲ್ಲಿ ಕೊಳೆತು ಹೋಗುತ್ತದೆ, ಬದನೆ ಇದ್ದಕ್ಕಿದ್ದಂತೆ ಬಾಡುತ್ತದೆ. ಒಮ್ಮೆ ನೆಟ್ಟರೆ ಕೆಲವು ವರ್ಷ ಕೊಡುವಂಥದ್ದು ಬೇಕು. ಜೊತೆಗೆ ಐದು ವರ್ಷದ ರಂಬುಟಾನ್ ಗಿಡ ಹೂ ಬಿಟ್ಟಿತು, ಒಂದು ಕಾಯಿಯೂ ನಿಲ್ಲಲಿಲ್ಲ.

ಗಿಡದ ಹೆಸರುಗಳಿಗೆ ಹೋಗುವ ಮೊದಲು ಗುಂಡಿಯ ವಿಷಯ ಹೇಳಲೇಬೇಕು. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ, ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಹೆಚ್ಚುಕಡಿಮೆ ಒಣ. ಇಲ್ಲಿ ಗಿಡ ಸಾಯುವುದು ಸೆಕೆಗಲ್ಲ, ಬೇರಿಗೆ ಗಾಳಿ ಸಿಗದೆ. ಗಟ್ಟಿ ಮುರಕಲ್ಲನ್ನು ಕಡಿದು ಎರಡಡಿ ಗುಂಡಿ ತೆಗೆದು, ಅದರೊಳಗೆ ಸಡಿಲ ಮಣ್ಣು, ಗೊಬ್ಬರ ತುಂಬಿದರೆ ಜುಲೈ ಹೊತ್ತಿಗೆ ಅದು ತೂತಿಲ್ಲದ ಹಂಡೆ. ಸುತ್ತಲಿನ ನೀರೆಲ್ಲ ಅದಕ್ಕೇ ಇಳಿಯುತ್ತದೆ, ಹೊರಗೆ ಹೋಗಲು ದಾರಿ ಇರುವುದಿಲ್ಲ. ಒಂದು ಪರೀಕ್ಷೆ ಮಾಡಿ. ಮಳೆಗಾಲದಲ್ಲಿ ಒಂದೂವರೆ ಅಡಿ ಆಳದ ಗುಂಡಿ ತೆಗೆದು, ಸಂಜೆ ಅದರ ತುಂಬ ನೀರು ಹೊಯ್ದು, ಮಳೆನೀರು ಬೀಳದಂತೆ ತಗಡು ಮುಚ್ಚಿಡಿ. ಬೆಳಿಗ್ಗೆಗೂ ನೀರು ನಿಂತಿದ್ದರೆ ಅಲ್ಲಿ ಗುಂಡಿಯಲ್ಲಿ ನೆಡಬೇಡಿ. ನೆಲವನ್ನು ಕೊತ್ತಿ ಸಡಿಲಿಸಿ, ಅದರ ಮೇಲೆ ಮೂರು–ನಾಲ್ಕು ಅಡಿ ಅಗಲ, ಒಂದೂವರೆ ಅಡಿ ಎತ್ತರದ ದಿಬ್ಬ ಮಾಡಿ ನೆಡಿ. ಗುಂಡಿಯೇ ಬೇಕೆಂದಾದರೆ ಇಳಿಜಾರಿನ ಬದಿಗೆ ಅದರ ತಳದ ಮಟ್ಟದಿಂದಲೇ ಒಂದು ಕಣಿ ಕಡಿದು ಹೊರಗೆ ಬಿಡಿ. ನೀರು ನಿಂತೇ ನಿಲ್ಲುವ ಮೂಲೆಯೊಂದು ಇದ್ದೇ ಇರುತ್ತದೆ, ಅದನ್ನು ಕೆಸುವಿಗೂ ತಿಮರೆಗೂ (ಒಂದೆಲಗಕ್ಕೂ) ಬಿಟ್ಟುಬಿಡಿ. ಎರಡಕ್ಕೂ ಅದೇ ಇಷ್ಟ.

ಎರಡನೆಯದು ಸುಣ್ಣ. ಇಷ್ಟು ಮಳೆಗೆ ಕ್ಯಾಲ್ಸಿಯಂ, ಪೊಟ್ಯಾಶ್ ಎಲ್ಲ ತೊಳೆದುಹೋಗಿ ಮಣ್ಣು ಹುಳಿಯಾಗಿರುತ್ತದೆ. ಏಪ್ರಿಲ್–ಮೇಯಲ್ಲಿ ಮೊದಲ ಮಳೆ ಬಿದ್ದಾಗ ತರಕಾರಿಯ ಬುಡಕ್ಕೆ ಕಾಲು ಕಿಲೋ, ಮರಕ್ಕೆ ಅರ್ಧ ಕಿಲೋ ಕೃಷಿ ಸುಣ್ಣ ಹರಡಿ ಮಣ್ಣಿಗೆ ಸೇರಿಸಿ. ಹಟ್ಟಿಗೊಬ್ಬರವನ್ನು ಅದರ ಜೊತೆಗೇ ಹಾಕಬೇಡಿ, ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಎರಡು ವಾರ ಬಿಟ್ಟು ಹಾಕಿ.

ಈಗ ತರಕಾರಿ. ನನ್ನ ಕೇಳಿದರೆ ಮೊದಲ ಸ್ಥಾನ ತೊಂಡೆಗೆ. ಒಂದೇ ಚಪ್ಪರ ಮೂರು–ನಾಲ್ಕು ವರ್ಷ ಕೊಡುತ್ತದೆ. ತೊಂಡೆಯಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಬೀಜದಿಂದ ಎಬ್ಬಿಸಿದರೆ ಅರ್ಧದಷ್ಟು ಗಂಡಾಗಬಹುದು, ಸೊಪ್ಪು ಬಿಟ್ಟು ಬೇರೇನೂ ಸಿಗದು. ಆದ್ದರಿಂದ ಕಾಯಿ ಬಿಡುತ್ತಿರುವ, ಕಹಿ ಇಲ್ಲದ ಬಳ್ಳಿಯಿಂದಲೇ ಪೆನ್ಸಿಲ್ ದಪ್ಪದ, ಒಂದಡಿ ಉದ್ದದ, ನಾಲ್ಕೈದು ಗಂಟಿರುವ ತುಂಡು ತನ್ನಿ. ತರುವ ಮೊದಲು ಆ ಬಳ್ಳಿಯ ಕಾಯಿಯನ್ನು ಹಸಿಯಾಗಿ ಕಚ್ಚಿ ನೋಡಿ. ಸೆಪ್ಟೆಂಬರ್ ಕೊನೆಗೆ ಮಳೆ ಇಳಿದ ಮೇಲೆ, ಎರಡು ಗಂಟು ಮಣ್ಣೊಳಗೆ ಹೋಗುವಂತೆ ಸ್ವಲ್ಪ ಓರೆಯಾಗಿ ನೆಡಿ. ಬುಡಕ್ಕೆ ಹತ್ತು ಕಿಲೋ ಹಟ್ಟಿಗೊಬ್ಬರ, ಅರ್ಧ ಕಿಲೋ ಬೇವಿನ ಹಿಂಡಿ. ಚಪ್ಪರ ಐದೂವರೆ–ಆರು ಅಡಿ ಎತ್ತರ ಸಾಕು, ಅದಕ್ಕಿಂತ ಎತ್ತರವಾದರೆ ಕೊಯ್ಯುವಾಗ ಕಾಯಿ ಉಳಿದು ಹಣ್ಣಾಗುತ್ತದೆ, ಹಣ್ಣು ಉಳಿದಲ್ಲಿ ಕಾಯಿಯೊಳಗೆ ಮೊಟ್ಟೆ ಇಡುವ ಹಣ್ಣುನೊಣ ಬರುತ್ತದೆ. ಎರಡೂವರೆ–ಮೂರು ತಿಂಗಳಿಗೆ ಕೊಯ್ಲು ಶುರು. ಆಮೇಲೆ ನಾಲ್ಕೈದು ದಿನಕ್ಕೊಮ್ಮೆ ಕೊಯ್ಯಲೇಬೇಕು.

ನೊಣದ ಬಲೆ ಕೊಳ್ಳುವಾಗ ಎಚ್ಚರ. ಮಾವಿಗೆ ಬಳಸುವ ಮೀಥೈಲ್ ಯುಜೆನಾಲ್ ಗುಳಿಗೆಗೆ ತೊಂಡೆ, ಹಾಗಲ, ಪಡುವಲದ ನೊಣ ಬರುವುದಿಲ್ಲ. ಅದಕ್ಕೆ ಕ್ಯೂಲೂರ್ ಎಂದೇ ಕೇಳಿ ತರಬೇಕು. ಬಲೆಯಲ್ಲಿ ಒಂದೂ ನೊಣ ಬೀಳುವುದಿಲ್ಲ ಎನ್ನುವವರಲ್ಲಿ ಹೆಚ್ಚಿನವರ ಹತ್ತಿರ ಇರುವುದು ಮಾವಿನ ಗುಳಿಗೆ. ಬಳ್ಳಿಯ ಮೇಲೆ ಉದ್ದನೆಯ ಗಂಟುಗಂಟಾದ ಊತ ಕಂಡರೆ ಒಳಗೆ ಹುಳ ಇದೆ ಎಂದರ್ಥ, ಆ ಭಾಗ ಕತ್ತರಿಸಿ ಸುಡಿ. ಮಳೆಗಾಲ ಮುಗಿದೊಡನೆ ಹಳೆಯ ಬಳ್ಳಿಯನ್ನು ಬುಡದಿಂದ ಎರಡಡಿ ಬಿಟ್ಟು ಸವರಿ ಗೊಬ್ಬರ ಕೊಟ್ಟರೆ ಹೊಸ ಚಿಗುರಿನಲ್ಲಿ ಕಾಯಿ. ಸವರದ ಚಪ್ಪರ ಎಲೆಯಿಂದ ತುಂಬಿರುತ್ತದೆ, ಕಾಯಿ ಮಾತ್ರ ಕಡಿಮೆ.

ಬಸಳೆಯೂ ಬಳ್ಳಿ ತುಂಡಿನಿಂದಲೇ. ನವೆಂಬರ್‌ನಿಂದ ಮೇವರೆಗೆ ದಿನಾ ನೀರು ಸಿಕ್ಕರೆ ಚಪ್ಪರ ತುಂಬುತ್ತದೆ. ಮಳೆಗಾಲದಲ್ಲಿ ಎಲೆ ಮೇಲೆ ಕೆಂಪು ಅಂಚಿನ ಬಿಳಿ ಚುಕ್ಕಿ ಬರುವುದು ಶಿಲೀಂಧ್ರ. ತಿನ್ನುವ ಸೊಪ್ಪಿಗೆ ಔಷಧ ಹೊಡೆಯುವ ಬದಲು ಚುಕ್ಕಿ ಎಲೆ ಕಿತ್ತು ದೂರ ಹಾಕಿ, ಮೇಲಿನಿಂದ ನೀರು ಹೊಯ್ಯುವುದನ್ನು ನಿಲ್ಲಿಸಿ. ಎರಡನೇ ವರ್ಷ ಎಲೆ ಸಣ್ಣದಾಗಿ ಬಳ್ಳಿ ಸೊರಗಿದರೆ ಒಂದು ಬೇರು ಕಿತ್ತು ನೋಡಿ. ಮಣಿ ಪೋಣಿಸಿದಂತೆ ಗಂಟುಗಳಿದ್ದರೆ ಮಣ್ಣಿನಲ್ಲಿರುವ, ಕಣ್ಣಿಗೆ ಕಾಣದ ಜಂತುಹುಳದ (ನೆಮಟೋಡ್) ಬಾಧೆ, ಅಲ್ಲಿ ಎಷ್ಟು ಗೊಬ್ಬರ ಹಾಕಿದರೂ ವ್ಯರ್ಥ. ತುದಿಯ ಆರೋಗ್ಯವಂತ ತುಂಡು ತೆಗೆದು ಬೇರೆ ಜಾಗದಲ್ಲಿ ನೆಡಿ, ಹಳೆ ಜಾಗದಲ್ಲಿ ಚೆಂಡುಹೂ ಹಾಕಿ.

ಬದನೆಯ ವಿಷಯಕ್ಕೆ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಯಾಕೆಂದರೆ ಕರಾವಳಿಯಲ್ಲಿ ಬದನೆ ಕೈಬಿಟ್ಟವರು ಬಹಳ ಮಂದಿ. ಹಸಿರಾಗಿದ್ದ ಗಿಡ ಎರಡು–ಮೂರು ದಿನದಲ್ಲಿ ಬಾಡಿ ನಿಂತರೆ ಅದರ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಆ ತುಂಡನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಅಲ್ಲಾಡಿಸದೆ ಇಳಿಬಿಟ್ಟು ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಕತ್ತರಿಸಿದ ಜಾಗದಿಂದ ಹಾಲಿನಂಥ ಬಿಳಿ ಎಳೆ ನೀರಿಗಿಳಿಯುತ್ತಿದ್ದರೆ ಅದು ದುಂಡಾಣು ಸೊರಗು ರೋಗ. ಇದಕ್ಕೆ ಔಷಧವಿಲ್ಲ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ದಾರಿ ಇರುವುದು ಕಸಿಯಲ್ಲಿ. ಕಾಡು ಸುಂಡೆಯ ಬೇರು ಈ ರೋಗವನ್ನು ಚೆನ್ನಾಗಿ ತಡೆಯುತ್ತದೆ, ಅದೂ ಬಹುವಾರ್ಷಿಕ. ಸುಂಡೆ ಬೀಜ ನಿಧಾನವಾಗಿ ಮೊಳೆಯುವುದರಿಂದ ಬದನೆಗಿಂತ ಮೂರು–ನಾಲ್ಕು ವಾರ ಮೊದಲೇ ಹಾಕಬೇಕು. ಎರಡರ ಕಾಂಡವೂ ಒಂದೇ ದಪ್ಪ ಬಂದಾಗ ಸುಂಡೆಯನ್ನು ನೆಲದಿಂದ ನಾಲ್ಕು ಇಂಚು ಮೇಲೆ ಅಡ್ಡ ಕತ್ತರಿಸಿ, ನಡುವೆ ಅರ್ಧ ಇಂಚು ಸೀಳಿ. ಬದನೆಯ ತುದಿಯನ್ನು ಎರಡು ಎಳೆ ಎಲೆ ಉಳಿಸಿ, ಬುಡವನ್ನು ಎರಡೂ ಬದಿಯಿಂದ ಬೆಣೆಯಂತೆ ಚೂಪು ಮಾಡಿ ಸೀಳಿನೊಳಗೆ ಕೂರಿಸಿ. ಹೊಸ ಬ್ಲೇಡ್ ಬಳಸಿ, ಸಿಪ್ಪೆಗೆ ಸಿಪ್ಪೆ ಕನಿಷ್ಠ ಒಂದು ಬದಿಯಲ್ಲಿ ತಾಗಲೇಬೇಕು. ಕಸಿ ಟೇಪ್ ಸುತ್ತಿ, ಮೇಲೆ ತೇವ ಮಾಡಿದ ಪ್ಲಾಸ್ಟಿಕ್ ತೊಟ್ಟೆ ಕಟ್ಟಿ, ಒಂದು ವಾರದಿಂದ ಹತ್ತು ದಿನ ನೆರಳಿನಲ್ಲಿಡಿ. ತೊಟ್ಟೆಯನ್ನು ಒಮ್ಮೆಲೇ ತೆಗೆದರೆ ಚಿಗುರು ಬಾಡುತ್ತದೆ, ಮೊದಲು ಮೂಲೆ ಕತ್ತರಿಸಿ, ಎರಡು ದಿನ ಬಿಟ್ಟು ತೆಗೆಯಿರಿ. ನೆಡುವಾಗ ಕಸಿ ಗಂಟು ಮಣ್ಣಿನಿಂದ ಮೇಲಿರಲಿ. ಮಣ್ಣು ಏರಿಸಿ ಗಂಟು ಮುಚ್ಚಿದರೆ ಬದನೆಯೇ ಬೇರು ಬಿಟ್ಟು ರೋಗ ಹಿಡಿಸಿಕೊಳ್ಳುತ್ತದೆ. ಸುಂಡೆಯ ಚಿಗುರು ಬಂದಾಗೆಲ್ಲ ಚಿವುಟಿ. ಹೀಗೆ ಮಾಡಿದ ಗಿಡವನ್ನು ವರ್ಷಕ್ಕೊಮ್ಮೆ ಮೊಣಕಾಲೆತ್ತರಕ್ಕೆ ಸವರಿದರೆ ಎರಡು ವರ್ಷಕ್ಕೂ ಮೇಲ್ಪಟ್ಟು ಕಾಯಿ ಕೊಡುತ್ತದೆ.

ಚಕ್ರಮುನಿ ಬೇಲಿಯಂತೆ ನೆಡಿ, ಅರೆನೆರಳಿಗೂ ಸೈ, ಮೂರಡಿಗೆ ಸವರುತ್ತಿದ್ದರೆ ಸಾಕು. ಆದರೆ ಅದನ್ನು ಬೇಯಿಸಿಯೇ, ಮಿತವಾಗಿ ತಿನ್ನಿ. ತೈವಾನಿನಲ್ಲಿ 1994–95ರಲ್ಲಿ ತೂಕ ಇಳಿಸಲೆಂದು ಇದರ ಹಸಿ ರಸವನ್ನು ದಿನಾ ಕುಡಿದ ಅನೇಕರ ಶ್ವಾಸಕೋಶ ಶಾಶ್ವತವಾಗಿ ಕೆಟ್ಟಿತು. ನುಗ್ಗೆಗೆ ನಿಮ್ಮ ಜಾಗದ ಅತಿ ಎತ್ತರದ, ಬಿಸಿಲಿನ ಮೂಲೆ ಕೊಡಿ, ಮಳೆಗಾಲದಲ್ಲಿ ಸೊಪ್ಪು, ಬೇಸಿಗೆಯಲ್ಲಿ ಕೋಡು ಎಂದು ಲೆಕ್ಕ ಇಟ್ಟುಕೊಳ್ಳಿ. ಜೀಗುಜ್ಜೆಗೆ (ದೀವಿಹಲಸಿಗೆ) ಮೂವತ್ತಡಿ ಜಾಗ ಬೇಕು, ಹತ್ತು ಸೆಂಟ್ಸ್‌ನಲ್ಲಿ ಒಂದೇ ಮರ, ಮನೆಯ ಅಡಿಪಾಯದಿಂದ ದೂರ.

ಪಪ್ಪಾಯಿಯ ಬೇರಿನಲ್ಲಿ ಎರಡು ದಿನ ನೀರು ನಿಂತರೂ ಬುಡ ಕೊಳೆಯುತ್ತದೆ, ದಿಬ್ಬದ ಮೇಲೆ ಅಕ್ಟೋಬರ್‌ನಲ್ಲಿ ನೆಡಿ.

ಇನ್ನು ನಿಮ್ಮ ರಂಬುಟಾನ್. ಗಿಡ ಬೀಜದ್ದೋ ಕಸಿಯದ್ದೋ ನೀವು ಬರೆದಿಲ್ಲ, ಉತ್ತರ ಅಲ್ಲೇ ಇದೆ. ಬೀಜದ ಗಿಡಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಮುಂದಿನ ಹೂವಿನ ಕಾಲಕ್ಕೆ ಅರಳಿದ ಹೂವೊಂದನ್ನು ಕಿತ್ತು ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ. ನಡುವೆ ಎರಡು ಉಬ್ಬಿನ ಸಣ್ಣ ಹಸಿರು ಕಾಯಿಯಂಥದ್ದು, ಅದರ ತುದಿಯಲ್ಲಿ ಎರಡಾಗಿ ಸೀಳಿ ಬಾಗಿದ ಎಳೆ ಕಂಡರೆ ಹೆಣ್ಣು. ಬರೀ ಉದ್ದ ಕೇಸರಗಳಿದ್ದು ನಡುವೆ ಏನೂ ಇಲ್ಲದಿದ್ದರೆ ಗಂಡು, ಅದು ಎಷ್ಟು ವರ್ಷ ಕಾದರೂ ಕಾಯಿ ಬಿಡದು.

ಹೆಣ್ಣು ಹೂವೇ ಆಗಿದ್ದರೆ ಎರಡು ಕಾರಣ ನೋಡಿ. ಒಂದು ಪರಾಗ. ಒಳ್ಳೆಯ ಕಸಿ ತಳಿಗಳಲ್ಲೂ ಪರಾಗ ಕೊಡುವ ಹೂ ತೀರಾ ಕಡಿಮೆ, ಒಂಟಿ ಮರಕ್ಕೆ ಇದು ದೊಡ್ಡ ತೊಡಕು. ಮುಜಂಟಿ ಜೇನಿನ (ಕುಟುಕದ ಸಣ್ಣ ಜೇನು) ಒಂದು ಪೆಟ್ಟಿಗೆ ಹತ್ತಿರ ಇಟ್ಟರೆ ಇರುವ ಪರಾಗವಾದರೂ ಸರಿಯಾಗಿ ಬಳಕೆಯಾಗುತ್ತದೆ. ಹೂವಿರುವಾಗ ಯಾವ ಕೀಟನಾಶಕವೂ ಬೇಡ. ಇನ್ನೊಂದು ನೀರು. ಹೂ ಬರಬೇಕಾದರೆ ಮರಕ್ಕೆ ಸುಮಾರು ಒಂದು ತಿಂಗಳ ಒಣ ಹವೆ ಬೇಕು, ಆದ್ದರಿಂದ ಡಿಸೆಂಬರ್–ಜನವರಿಯಲ್ಲಿ ನೀರು ನಿಲ್ಲಿಸಿ. ಹೂಗೊಂಚಲು ಸ್ಪಷ್ಟವಾಗಿ ಕಂಡ ಮೇಲೆ ನಿಲ್ಲಿಸಬೇಡಿ. ಐದು ವರ್ಷದ ಗಿಡಕ್ಕೆ ವಾರಕ್ಕೆ ಮೂರು ಸಲ ತಲಾ ಐವತ್ತು ಲೀಟರ್, ಬುಡಕ್ಕಲ್ಲ, ಕೊಂಬೆಯ ತುದಿಯ ನೇರಕ್ಕೆ. ಮೇಲೆ ಅಡಿಕೆ ಸೋಗೆ ಮುಚ್ಚಿ, ಕಾಂಡದಿಂದ ಒಂದಡಿ ಖಾಲಿ ಬಿಡಿ. ಕಾಯಿ ಕಚ್ಚಿದ ಮೇಲೆ ನೀರು ತಪ್ಪಿದರೆ ಉದುರುತ್ತದೆ, ಒಣಗಿದ ಮರಕ್ಕೆ ಮಳೆ ಬಿದ್ದರೆ ಸಿಪ್ಪೆ ಒಡೆಯುತ್ತದೆ. ಹಳೆಯ ಎಲೆಗಳ ಅಂಚು ಸುಟ್ಟಂತಿದ್ದರೆ ಪೊಟ್ಯಾಶ್ ಕೊರತೆ ಇರಬಹುದು. ಇದಕ್ಕೆ ಮ್ಯೂರಿಯೇಟ್ ಆಫ್ ಪೊಟ್ಯಾಶ್ (ಪೊಟ್ಯಾಸಿಯಂ ಕ್ಲೋರೈಡ್) ಬೇಡ, ಅದರ ಕ್ಲೋರೈಡ್ ರಂಬುಟಾನ್ ಎಲೆಗೆ ಆಗುವುದಿಲ್ಲ, ಅಂಚು ಇನ್ನಷ್ಟು ಸುಡುತ್ತದೆ. ಸಲ್ಫೇಟ್ ಆಫ್ ಪೊಟ್ಯಾಶ್ ಇನ್ನೂರು ಗ್ರಾಂ, ಎರಡು ಕಂತಿನಲ್ಲಿ ಕೊಡಿ.

ಮ್ಯಾಂಗೋಸ್ಟೀನ್ ಕೂಡ ನೆಡುವ ಆಸೆ ಇದೆ ಎಂದಿದ್ದೀರಿ. ಅಲ್ಲಿ ಲೆಕ್ಕ ತಿರುಗುಮುರುಗು: ಅದರ ಬೀಜ ಪರಾಗಸ್ಪರ್ಶವಿಲ್ಲದೆ ಆಗುವುದರಿಂದ ಬೀಜದ ಗಿಡ ತಾಯಿಯಂತೆಯೇ ಬರುತ್ತದೆ, ಕಸಿಗೆ ಹಣ ಸುರಿಯಬೇಕಿಲ್ಲ. ಏಳೆಂಟು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಯುವ ತಾಳ್ಮೆ, ಮೊದಲ ಮೂರು–ನಾಲ್ಕು ವರ್ಷ ನೆರಳು, ತಪ್ಪದ ತೇವ ಇಷ್ಟು ಬೇಕು. ಮುರಕಲ್ಲಿನ ಬೋಳು ಹಿತ್ತಲು ಅದಕ್ಕೆ ಆಗಿಬರುವುದಿಲ್ಲ, ಅಡಿಕೆ ತೋಟದ ಒಳಗೆ ಜಾಗ ಇದ್ದರೆ ಮಾತ್ರ ನೆಡಿ.

ನಿಮ್ಮ ರಂಬುಟಾನ್ ಗಂಡೇ ಆಗಿದ್ದರೆ ಬುಡಸಮೇತ ಕಡಿಯಬೇಡಿ. ಐದು ವರ್ಷದ ಬೇರು ಇದೆ, ಅದೇ ಆಸ್ತಿ. ಮೂರಡಿ ಎತ್ತರಕ್ಕೆ ಕಡಿದು, ಕಡಿದ ಜಾಗಕ್ಕೆ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣ ಕಲಸಿದ್ದು) ಹಚ್ಚಿ, ಬರುವ ಚಿಗುರುಗಳಲ್ಲಿ ಮೂರು ಉಳಿಸಿ ಬಲಿಯಲು ಬಿಡಿ. ಎರಡಕ್ಕೆ ಒಳ್ಳೆಯ ಹೆಣ್ಣು ತಳಿಯ ಕಣ್ಣುಕಸಿ ಕಟ್ಟಿಸಿ. ಮೂರನೆಯ ಕೊಂಬೆ ಗಂಡಾಗಿಯೇ ಇರಲಿ, ಪರಾಗಕ್ಕೆ ಬೇಕಾಗುತ್ತದೆ.